ಬಡಗಣ ಗುಡ್ಡಕ್ಕೊಂದು ಹೆಸರು

ದೋಣಿಕಟ್ಟೆ ಮನೆ
ಮೇ ೧೯, ೧೯೬೮

ಒಂದು ಕಾಲಕ್ಕೆ ನನ್ನ ಗಂಡನಾಗಿದ್ದ ಟಾರ್ಕಿಲ್‌ಗೆ,

ಹನ್ನೊಂದು ವರ್ಷಕ್ಕೆ ನಿನ್ನ ಕಾಗದ ಬಂತು. ಗಾಳಿಗೆ ಐದು ದಿನ ದೋಣಿ ಬಂದಿರಲಿಲ್ಲ, ಒದ್ದೆಯಾಗಿಯೇ ಕೈ ಸೇರಿತು. ನಾನು ಬದುಕಿದ್ದೇನೋ ಸತ್ತಿದ್ದೇನೋ ಎಂದು ಒಂದು ಸಾಲೂ ಕೇಳಿಲ್ಲ. ದ್ವೀಪದ ನಕಾಶೆ ಬರೆಯುವ ಸರ್ಕಾರದವರು ಬರುತ್ತಾರಂತೆ, ಬಡಗಣ ಗುಡ್ಡಕ್ಕೆ ನಿನ್ನ ಅಜ್ಜನ ಹೆಸರನ್ನೇ ಬರೆಸಬೇಕಂತೆ, ನಿನ್ನ ವಂಶದ್ದು ಅಂತ ಈ ದ್ವೀಪದಲ್ಲಿ ಉಳಿದಿರುವುದು ಅದೊಂದೇ ಅಂತೆ. ಹಕ್ಕಿ ಎಣಿಸಲು ಬಂದವಳ ಹಿಂದೆ ಗ್ಲ್ಯಾಸ್ಗೋಗೆ ಹೊರಟಾಗ ಈ ವಂಶ ನೆನಪಾಗಲಿಲ್ಲವೇ?

ನಕಾಶೆಯವರು ಬಂದರು. ಒಂದೊಂದು ಹೆಸರಿಗೂ ಊರಿನ ಮೂವರು ಹೌದು ಅನ್ನಬೇಕಂತೆ. ಈಗ ಇಲ್ಲಿರುವುದೇ ಏಳು ಜನ. ಹಳೆಯ ಹೆಸರು ಬಲ್ಲವರು ನಾನು, ಅಂಚೆಯ ಪೆಗಿ, ಆಚೆಮನೆಯ ಲಾಕ್ಲನ್, ಮೂವರೇ. ನನ್ನ ಅಡುಗೆಮನೆಯಲ್ಲೇ ಕೂತು ಬರೆದುಕೊಂಡರು.

ಮೊದಲು ಉರುವಲು ಮಣ್ಣು ಕಡಿಯುವ ಜೌಗು. ನಮ್ಮ ಮದುವೆಯಾದ ವರ್ಷ ನೀನು ಸೊಂಟದವರೆಗೆ ಹೂತು ಗೋಳೋ ಅಂತ ಅತ್ತಿದ್ದೆಯಲ್ಲ, ಅದೇ. "ಟಾರ್ಕಿಲ್ ಅತ್ತ ಜೌಗು ಅಂತ ಬರ್ಕೊಳ್ಳಿ" ಅಂದೆ. ಪೆಗಿ ಟೀ ಲೋಟ ಕೆಳಗಿಟ್ಟು, "ಹೌದು ಸ್ವಾಮಿ, ನಾವು ಹಂಗೇ ಅನ್ನೋದು. ಹಸು ಕಟ್ಟೋ ಹಗ್ಗ ಹಾಕಿ ಅವನನ್ನ ಎಳೆದೋಳು ಇವಳೇ. ಇನ್ನೂ ಸ್ವಲ್ಪ ಹೊತ್ತು ಬಿಡ್ಬೇಕಿತ್ತು" ಅಂದಳು. ಲಾಕ್ಲನ್ ತಲೆಯಾಡಿಸಿದ. ಮೂರು ಹೌದು ಆಯಿತು. ಇನ್ನು ನಕಾಶೆ ಬಿಚ್ಚಿದವರೆಲ್ಲ ಅದನ್ನು ಓದುತ್ತಾರೆ.

ಆಮೇಲೆ ಗುಡ್ಡಕ್ಕೆ ಬಂದರು. ನಿನ್ನ ಅಜ್ಜನ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಪೆಗಿ ನನ್ನ ಮುಖ ನೋಡಿ, "ಇದ್ದೋರು ಕರೆದಿದ್ದೇ ಹೆಸರು. ಹೋದೋರ್ದು ಏನಿದ್ರೂ ಹೋದಲ್ಲೇ ಇಟ್ಕೊಳ್ಲಿ" ಅಂದಳು.

ನಿನ್ನ ಅಜ್ಜ ಒಳ್ಳೆಯವರು. ಅವರ ಹೆಸರು ಹೀಗೆ ಬಿಟ್ಟುಹೋದದ್ದಕ್ಕೆ ನನಗೆ ಬೇಸರವಿದೆ. ನಿನಗಾದದ್ದಕ್ಕೆ ಇಲ್ಲ. ಅವತ್ತು ರಾತ್ರಿ ಹನ್ನೊಂದು ವರ್ಷದ ನಿದ್ದೆಯನ್ನೆಲ್ಲ ಒಟ್ಟಿಗೇ ಮಾಡಿದೆ. ಮಾಡಿದ್ದುಣ್ಣೋ ಮಹರಾಯ.

ನಿನಗೆ ಏನೂ ಅಲ್ಲದ,
ಎಫಿ

ಮರೆತ ಮಾತು: ಗುಡ್ಡವನ್ನು ಖಾಲಿ ಬಿಡಲಿಲ್ಲ. ನೀನು ಹೋದಾಗಿನಿಂದ ಅಲ್ಲಿ ಕುರಿ ಮೇಯಿಸುತ್ತಿರುವವನು ಲಾಕ್ಲನ್. ನಕಾಶೆಯಲ್ಲಿ ಅದು ಲಾಕ್ಲನ್ ಗುಡ್ಡ. ಅವನನ್ನು ಆಚೆಮನೆಯವನು ಎಂದು ಬರೆದೆನಲ್ಲ, ಅದು ಹಳೆಯ ಅಭ್ಯಾಸ. ಆರು ವರ್ಷದಿಂದ ಅವನು ಬೂಟು ಬಿಡುವುದು ಈ ಮನೆಯ ಬಾಗಿಲಲ್ಲೇ.