ಗಿಳಿಯ ಸರದಿ

ಮುದ್ದು ಮಗಳೇ,

ಫೋನ್ ಮಾಡಿದರೆ ಖುಷಿಗೆ ಕಿರುಚಿಬಿಡುತ್ತೇನೆ, ಅದಕ್ಕೇ ಈ ಪತ್ರ.

ನಮ್ಮ ಪ್ರಾಣಿ ಆಸ್ಪತ್ರೆಯ ಕಂಪ್ಯೂಟರ್ ಪ್ರೋಗ್ರಾಂನಲ್ಲಿ, ಹೆಚ್ಚು ತುರ್ತು ಇರುವ ಪ್ರಾಣಿಯನ್ನು ಮೊದಲು ಕರೆಯುವ ಕೋಡಿನ ತುಣುಕು, ಅದೇ ಮೆಥಡ್, ನಾಯಿಗೊಂದು, ಬೆಕ್ಕಿಗೊಂದು, ಹಸುವಿಗೊಂದು ಇತ್ತು. ಮೂರರಲ್ಲೂ ಅವೇ ಕೋಡ್ ಸಾಲುಗಳು. ಹಕ್ಕಿಗಳಿಗೆ ಮಾತ್ರ ಯಾರೂ ಬರೆದಿರಲಿಲ್ಲ. ಅವು ಬಂದ ಕ್ರಮದಲ್ಲೇ ಕಾಯುತ್ತಿದ್ದವು. ನಾನು ಮೂರನ್ನೂ ಅಳಿಸಿ ಎಲ್ಲಕ್ಕೂ ಒಗ್ಗುವ ಒಂದೇ ಜೆನೆರಿಕ್ ಮೆಥಡ್ ಬರೆದೆ. ಪ್ರಾಣಿಯ ಹೆಸರಿದ್ದಲ್ಲಿ ಬರೀ ‘ಟಿ’. ಯಾವ ಪ್ರಾಣಿಯ ಪಟ್ಟಿ ಕೊಟ್ಟರೂ ಸರಿ, ಅದರ ದಾಖಲೆಯಲ್ಲಿ ತುರ್ತು ಎಷ್ಟೆಂದು ಇದ್ದರಾಯಿತು.

“ನಡೆಯುತ್ತಿರುವುದನ್ನು ಯಾಕಮ್ಮಾ ಕೆದಕುತ್ತೀರಿ? ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ” ಎಂದರು ನಮ್ಮ ಮೇಲಧಿಕಾರಿ. ಆದರೂ ಹಟ ಹಿಡಿದು ಒಪ್ಪಿಸಿದೆ.

ಇವತ್ತು ಹಕ್ಕಿಗಳ ಸಾಲಿನ ಕೊನೆಯಲ್ಲಿ ರಕ್ತ ಸುರಿಸುತ್ತಾ ಒಂದು ಗಿಳಿ ಬಂತು. ಕಾಯುವ ಕೋಣೆಯ ಪರದೆ ಅದನ್ನೇ ಮೊದಲು ಕರೆಯಿತು!

“ನನ್ನ ಕೋಳಿ ಮೊದಲು ಬಂದದ್ದು!” ಎಂದು ಒಬ್ಬರು ರೇಗಿದರು.

“ನಿಮ್ಮ ಕೋಳಿಗೆ ಬರೀ ನೆಗಡಿ ಸ್ವಾಮಿ” ಎಂದು ಡಾಕ್ಟರು ಗಿಳಿಯನ್ನು ಒಳಗೆ ಒಯ್ದರು. ಅದು ಬದುಕಿತು ಕಣೇ! ಎಚ್ಚರವಾದದ್ದೇ ಅವರ ಬೆರಳು ಕಚ್ಚಿತು.

ಸಂಜೆ ಮೇಲಧಿಕಾರಿ ನನ್ನ ಮೇಜಿನ ಹತ್ತಿರ ಬಂದು, “ಮೀನುಗಳಿಗೂ ಇದು ನಡೆಯುತ್ತದಾ?” ಎಂದು ಮೆಲ್ಲಗೆ ಕೇಳಿದರು.

ರಜೆಗೆ ಬರುವಾಗ ನಿನ್ನ ಪ್ರೋಗ್ರಾಮಿಂಗ್ ಪುಸ್ತಕ ಮರೆಯದೆ ತಾ. ನಿನ್ನಪ್ಪನಿಗೆ ಸುದ್ದಿ ನಾನೇ ಹೇಳಬೇಕು, ನೀನು ಬಾಯಿ ಬಿಡಬೇಡ.

ಇವತ್ತಿನಿಂದ ಕಾಯಂ ನೌಕರಳಾದ
ನಿನ್ನ ಅಮ್ಮ