ಉಪ್ಪು ಮುತ್ತು

ಅಮ್ಮ,

ನೀನು ಹೋಗಿ ವರ್ಷವಾದರೂ ಏನೇ ಆದರೂ ಮೊದಲು ನಿನಗೇ ಹೇಳಬೇಕು ಅನ್ನಿಸುತ್ತದೆ. ಇವತ್ತು ನನ್ನದೂ ನಿನ್ನ ಅಳಿಯನದೂ ಜೀನ್ ಪರೀಕ್ಷೆಯ ರಿಪೋರ್ಟು ಬಂತು. ಮಗನ ಎದೆಯಲ್ಲಿ ಅಂಟು ಕಫ ಕಟ್ಟುವ ಸಿಸ್ಟಿಕ್ ಫೈಬ್ರೋಸಿಸ್, ನಮ್ಮಿಬ್ಬರಿಂದಲೂ ಒಂದೊಂದು ಪಾಲು ಸೇರಿ ಬಂದದ್ದಂತೆ.

“ನಿಮ್ಮನೇಲಿ ಚಿಕ್ಕ ಮಕ್ಕಳು ಯಾರಾದ್ರೂ ತೀರ್ಕೊಂಡಿದ್ರಾ?” ಎಂದರು ಡಾಕ್ಟರಮ್ಮ. ಎಂಟು ತಿಂಗಳಿಗೇ ಹೋದ ಅಣ್ಣನ ವಿಷಯ ಹೇಳಿದೆ. ಮುತ್ತು ಕೊಟ್ಟರೆ ಅವನು ಉಪ್ಪುಪ್ಪು ಎಂದು ನೀನು ಹೇಳುತ್ತಿದ್ದೆಯಲ್ಲ, ಅದನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

“ಅವನಿಗೂ ಇದೇ ಇದ್ದಿರ್ಬೇಕು. ಈ ಮಕ್ಕಳ ಬೆವರೇ ಹಾಗೆ, ತುಂಬಾ ಉಪ್ಪು.”

ಲ್ಯಾಬಿನವರು ಮೂರು ವಾರ ಹುಡುಕಿದ್ದು ನಿನ್ನ ನಾಲಿಗೆಗೆ ಒಂದು ಮುತ್ತಿನಲ್ಲೇ ತಿಳಿದಿತ್ತು. ನನ್ನ ಮಗನ ಹಣೆಗೆ ಮುತ್ತಿಟ್ಟು ನೀನು ಅದೇ ಮಾತು ಹೇಳಿದಾಗ, “ಮತ್ತೆ ಶುರು ಮಾಡ್ಬೇಡಮ್ಮ” ಅಂದಿದ್ದೆ. ಆಮೇಲೆ ನೀನು ಅದರ ಸುದ್ದಿಗೇ ಬರಲಿಲ್ಲ.

ನಿನ್ನ ಹಾಲು ಸರಿಯಿಲ್ಲದೆ ಅಣ್ಣ ಹೋದ ಅಂತ ಅಜ್ಜಿ ಕೊನೆಯವರೆಗೂ ಅಂದಳು. ಅಪ್ಪ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಡಾಕ್ಟರಮ್ಮ ನಮ್ಮ ಮನೆತನದ ಚಿತ್ರ ಬರೆದರು, ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ಕಾಯಿಲೆಯ ಒಂದು ಪಾಲು ಹೊತ್ತವರಿಗೆ ಅರ್ಧ ಕಪ್ಪು. ನಿನ್ನ ವೃತ್ತವನ್ನು ಅರ್ಧ ಕಪ್ಪು ಮಾಡಿದರು. ಆಮೇಲೆ ಅದೇ ಪೆನ್ನಿನಿಂದ, ಅಪ್ಪನ ಚೌಕವನ್ನೂ ಅಷ್ಟೇ ಕಪ್ಪು ಮಾಡಿದರು.