ಉಡಚಪ್ಪ ಹೊತ್ತು ತಂದ ಪೆಟ್ಟಿಗೆ

೫ ಮಾರ್ಚ್ ೧೯೮೪, ಕಲಘಟಗಿ

ನಾನು ಬರೆದ ಹತ್ತಿಬೀಜದ ಪಾಕೀಟಿನ ಚಿತ್ರ ಮತ್ತೆ ವಾಪಸು ಬಂತು. ಕಾಯಿ ಇನ್ನೂ ದೊಡ್ಡದಾಗಬೇಕಂತೆ. ಮಾಡಿದೆ. ಈಗ ಹೂಕೋಸಿನಂತಿದೆ. ಬೀಜದ ಕಂಪನಿಯವರಿಗೆ ಒಪ್ಪಿಗೆ.

ಈ ತಿಂಗಳಿಗೆ ಪ್ರೆಸ್ಸಿನಲ್ಲಿ ಚಿತ್ರಗಳ ಅಚ್ಚು ಮಾಡುವ ಬ್ಲಾಕ್ ವಿಭಾಗ ಮುಗಿಯಿತು. ಅದರೊಂದಿಗೆ ನನ್ನ ನೌಕರಿಯೂ. ಹುಬ್ಬಳ್ಳಿಯ ಹೊಸ ಜಾಹೀರಾತು ಆಫೀಸು ಹತ್ತೊಂಬತ್ತಕ್ಕೆ ಕರೆದಿದೆ. ಮಾಡಿದ ಕೆಲಸ ತರಬೇಕು. ತರುವ ಪೆಟ್ಟಿಗೆಯನ್ನೂ ಕೆಲಸವೆಂದೇ ನೋಡುತ್ತಾರಂತೆ. ನನ್ನ ಲೇಬಲ್ಲುಗಳೆಲ್ಲ ಸೀರೆ ಅಂಗಡಿಯ ರಟ್ಟಿನ ಡಬ್ಬಿಯಲ್ಲಿವೆ. ನಲವತ್ತೆಂಟನೆಯ ವಯಸ್ಸಿಗೆ ಇನ್ನಾರು ಕರೆದಾರು…

೭ ಮಾರ್ಚ್

ತೊಟ್ಟಿಲು ಮಾಡುವ ಉಡಚಪ್ಪನಲ್ಲಿಗೆ ಹೋದೆ. ಒಂದು ಪೆಟ್ಟಿಗೆ ಬೇಕು, ಮುಚ್ಚಳ ತೆಗೆದರೆ ನಾಲ್ಕೂ ಬದಿ ಬಿಚ್ಚಿ ಮೇಜಿಗೆ ಒರಗಬೇಕು, ಒಳಬದಿಗೆಲ್ಲ ಲೇಬಲ್ಲು — ಹೇಳಿದೆ. ಬಣ್ಣ ಬೇಡ.

"ಬರೇ ಕಟ್ಟಿಗಿನಾ? ಚಹಾಪುಡಿ ಪೆಟಗಿ ಅಂತಾರ್ರಿ ಮಂದಿ."

"ಅನ್ನಲಿ."

"ನಿಮಗಲ್ರೀ, ನನಗ ಅಂತಾರ!"

ಹೊರಗೆ ಅವನ ತೊಟ್ಟಿಲಿನ ಬಣ್ಣ, ಒಳಗೆ ನನ್ನ ಬರಿಯ ಕಟ್ಟಿಗೆ. ರಾಜಿ. ವಾದಿಸುವ ಶಕ್ತಿ ಇರಲಿಲ್ಲ.

೧೩ ಮಾರ್ಚ್, ಸಂಜೆ

ಉಡಚಪ್ಪ ಪೆಟ್ಟಿಗೆ ತಂದ. ತಲೆಯ ಮೇಲೆ, ಧೋತರ ಮುಚ್ಚಿ, ಓಣಿ ಹಾಯ್ದು. ಒಂದು ಮೂಲೆಯ ಕೆಂಪು, ಗಿಳಿ ಮಾತ್ರ ಕಾಣುತ್ತಿದ್ದವು. ಅವನು ಹೊತ್ತು ತರುವುದು ಏನೆಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ; ತೊಟ್ಟಿಲೇ. ಬಾಜೂ ಮನೆಯ ಗುರವ್ವ ಹಿಂದೆಯೇ ಬಂದಳು.

"ಏನ ಬೇ ಸೀತಾಬಾಯಿ, ಇಷ್ಟ ವರ್ಷದ ಮ್ಯಾಲೆ! ಎಷ್ಟ ತಿಂಗಳಾ? ನನಗರ ಹೇಳಬಾರದೇನ?"

ಹೆಂಡತಿ ನನ್ನತ್ತ ನೋಡಿದಳು. ನಾನು ಧೋತರದಡಿ ಕೈ ಹಾಕಿ ಬಿಜಾಗರಿ ಪರೀಕ್ಷಿಸುತ್ತಿದ್ದೆ. ಇದು ಪೆಟ್ಟಿಗೆ — ಒಂದು ಮಾತು. ನಾನಾದರೂ ಹೇಳಬಹುದಿತ್ತು.

"ಯಾರಿಗೂ ಹೇಳಬ್ಯಾಡ್ರಿ ಮತ್ತ," ಎಂದಳು ಸೀತಾ. ನಗುತ್ತ. ಅವಳಿಗೆ ನಲವತ್ತೊಂದು. ನಮಗೆ ಮಕ್ಕಳಿಲ್ಲ.

೧೬ ಮಾರ್ಚ್

ಗುರವ್ವನಿಂದ ನಿನ್ನೆ ಮಾವಿನ ಮಿಡಿ, ಇಂದು ಹುಣಸೆಕಾಯಿ. ಸೀತಾಳಿಗೆ ಕೊಡ ಮುಟ್ಟಗೊಡುವುದಿಲ್ಲ. "ಕುಂಡ್ರ ಬೇ ಸುಮ್ನ. ನೀರ ನಾ ತರ್ತೇನಿ." ಸೀತಾ ಉಪ್ಪು ಹಚ್ಚಿಕೊಂಡು ತಿಂದಳು, ಪೂರಾ. ಹಾಡು ಗುನುಗುತ್ತಿದ್ದಳು.

"ಹೇಳಿಬಿಡಬಾರದೇನು?" ಎಂದೆ.

"ಹೇಳ್ತೀನ್ರಿ. ಅವಸರೇನದ? ಪೆಟಗಿ ಇರೋತನಕ ಇರ್ಲಿ."

ಲೇಬಲ್ಲು ಅಂಟಿಸಿದೆ. ಹೂಕೋಸನ್ನೂ.

೧೯ ಮಾರ್ಚ್

ಹುಬ್ಬಳ್ಳಿ. ಸಾಹೇಬ ನನಗಿಂತ ಸಣ್ಣವ. ಮುಚ್ಚಳ ತೆಗೆದ. ನಾಲ್ಕೂ ಬದಿ ಮೆಲ್ಲನೆ ಒರಗಿದವು. ಎರಡು ಬದಿ ನೋಡಿದ. ಮತ್ತೆ ಮುಚ್ಚಿ, ಹೊರಗಿನ ಗಿಳಿ ಸವರಿದ.

"ಅಗದಿ ಬೇಷ್! ಇದನ್ನ ಮುಂದಿನ ಶೋಕೇಸಿನ್ಯಾಗ ಇಡೂಣ್ರಿ. ಒಂದನೇ ತಾರೀಖಿಗೆ ಬರ್ರಿ ಕೆಲಸಕ್ಕ."

ಪೆಟ್ಟಿಗೆ ಮನೆಗೆ ಬೇಕಿತ್ತು ಎಂದೆ.

"ಪೆಟಗಿ ಒಯ್ದ್ರ ನಾ ಏನ ನೋಡಿ ನಿಮ್ಮನ್ನ ಕೆಲಸಕ್ಕ ತಗೋಳ್ಲಿ?" ತಮಾಷೆಗೇ ಅಂದಿರಬೇಕು.

ಬಿಟ್ಟು ಬಂದೆ. ಲೇಬಲ್ಲು ಕಿತ್ತು ಪೇಪರಿನಲ್ಲಿ ಸುತ್ತಿಕೊಟ್ಟರು. ಬಸ್ಸಿನಲ್ಲಿ ನಿಂತೇ ಬಂದೆ.

ಬಾಗಿಲಲ್ಲಿ ಸೀತಾ. ಮುಖ ನೋಡಲಿಲ್ಲ, ಕೈ ನೋಡಿದಳು. ಕೆಲಸ ಸಿಕ್ಕಿತು ಎಂದೆ. "ಚಲೋ ಆತು," ಎಂದು ಒಳಗೆ ಹೋದಳು.

೨೦ ಮಾರ್ಚ್, ಬೆಳಿಗ್ಗೆ

ಚಹಾ ಕೊಡುತ್ತ ಹೇಳಿದಳು — "ಗುರವ್ವ ಕೇಳಿದ್ಲು, ತೊಟ್ಟಿಲ ಎಲ್ಲದ ಅಂತ. ಬಸಿರು ನಿಲ್ಲಲಿಲ್ಲ ಅಂದೆ. ಅದಕ್ಕ ಉಡಚಪ್ಪಗ ಹೊಳ್ಳಿ ಕೊಟ್ಟಿವಿ ಅಂದೆ."

"ಪೆಟ್ಟಿಗೆ ಅಂತ ಹೇಳಬೇಕಿತ್ತು."

"ಹೌದ್ರಿ. ಹೇಳಬೇಕಿತ್ತು."

ಈಗ ಗುರವ್ವ ಬಂದಿದ್ದಾಳೆ. ಅಡುಗೆಮನೆಯಲ್ಲಿ ಇಬ್ಬರೂ. ಗುರವ್ವ ಸಮಾಧಾನ ಹೇಳುತ್ತಿದ್ದಾಳೆ — "ಅತ್ತುಬಿಡ ಬೇ, ಅತ್ತುಬಿಡ." ಸೀತಾ ನಟಿಸುತ್ತಿದ್ದಾಳೆ ಎಂದುಕೊಂಡೆ ಮೊದಲು. ಅವಳ ಇಂಥ ಅಳು ನಾನು ಕೇಳಿಯೇ ಇಲ್ಲ, ಇಷ್ಟು ವರ್ಷ. ಬರೆಯುವುದು ಸಾಕು, ಎದ್ದು ಒಳಗೆ ಹೋಗುತ್ತೇನೆ.